ಕೇದಾರಕ್ಕೆ ನಡಿಗೆಯೋ, ಕುದುರೆಯೋ, ಹೆಲಿಕಾಪ್ಟರೋ?

ನಮ್ಮ ಮನೆಯಲ್ಲಿ ಈ ಚರ್ಚೆ ಎರಡು ತಿಂಗಳು ನಡೆಯಿತು. ಅಮ್ಮನಿಗೆ 61, ಮಂಡಿನೋವು ಇದೆ, ಹಟ ಅದಕ್ಕಿಂತ ಜಾಸ್ತಿ ಇದೆ. ಅತ್ತೆಗೆ 68, ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ನಮ್ಮ ಯಜಮಾನರಿಗೆ ಸಿಗುವ ರಜೆ ಎಂಟೇ ದಿನ. "ನಡೆದು ಹೋಗದಿದ್ರೆ ಅದೇನು ಯಾತ್ರೇನೇ?" ಅಂತ ಅಮ್ಮ. "ನನ್ನ ಕೈಲಿ ಆಗಲ್ಲಪ್ಪ, ಹೆಲಿಕಾಪ್ಟರ್ ಇದೆಯಂತಲ್ಲ, ಅದನ್ನೇ ನೋಡು" ಅಂತ ಅತ್ತೆ ಮಗನಿಗೆ. ನಾನು ಮದುವೆಗೆ ಮುಂಚೆ ಗೆಳತಿಯರ ಜೊತೆ ಒಮ್ಮೆ ಪೂರ್ತಿ ನಡೆದು ಬಂದವಳು, ಹಾಗಾಗಿ ಇಬ್ಬರೂ ತೀರ್ಪಿಗೆ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ನಾಲ್ಕು ಜನ ಮೂರು ರೀತಿಯಲ್ಲಿ ಹೋದೆವು. ಅತ್ತೆ, ಯಜಮಾನರು ಹಾರಿದರು, ಅಮ್ಮ ಕುದುರೆ ಹತ್ತಿದಳು, ನಾನು ನಡೆದೆ.

ಆಮೇಲೆ ದಾವಣಗೆರೆಯಲ್ಲಿ, ಬೆಂಗಳೂರಿನಲ್ಲಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ. ಯಾವುದು ಒಳ್ಳೇದು? ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಆರಿಸುವ ರೀತಿ ಒಂದಿದೆ. ದುಡ್ಡು ಎಷ್ಟಾಗುತ್ತೆ ಅಂತ ಮೊದಲು ನೋಡಬೇಡಿ, ಪುಣ್ಯ ಎಷ್ಟು ಬರುತ್ತೆ ಅಂತಲೂ ಲೆಕ್ಕ ಹಾಕಬೇಡಿ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರ ಮಂಡಿ, ಅವರ ಉಸಿರು ನೋಡಿ, ಆಮೇಲೆ ಕೈಯಲ್ಲಿ ಒಂದು ದಿನ ಎಕ್ಸ್‌ಟ್ರಾ ಇದೆಯಾ ಅಂತ ನೋಡಿ.

ಮೊದಲು ದಾರಿ ಹೇಗಿದೆ ಅಂತ ಗೊತ್ತಿರಲಿ. ಋಷಿಕೇಶದಿಂದ ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಉತ್ತರಾಖಂಡದ್ದು), ರುದ್ರಪ್ರಯಾಗ, ಅಗಸ್ತ್ಯಮುನಿ, ಗುಪ್ತಕಾಶಿ, ಫಾಟಾ, ಆಮೇಲೆ ಸೋನ್‌ಪ್ರಯಾಗ. ಇನ್ನೂರು ಕಿಲೋಮೀಟರ್ ಚಿಲ್ಲರೆ, ನಮ್ಮ ಕಡೆ ಆದರೆ ನಾಲ್ಕು ಗಂಟೆಯ ದಾರಿ, ಅಲ್ಲಿ ಇಡೀ ದಿನ ಬೇಕು. ರಸ್ತೆ ಕೆಲಸ ನಡೀತಿದ್ದರೆ, ಎಲ್ಲೋ ಮಣ್ಣು ಜಾರಿದ್ದರೆ ಇನ್ನೂ ಜಾಸ್ತಿ. ನಿಮ್ಮ ಟ್ಯಾಕ್ಸಿ ಸೋನ್‌ಪ್ರಯಾಗಕ್ಕೆ ನಿಲ್ಲುತ್ತದೆ. ಅಲ್ಲಿಂದ ಗೌರಿಕುಂಡಕ್ಕೆ 5 ಕಿ.ಮೀ. ಶೇರ್ ಜೀಪು. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿ.ಮೀ. ಕಾಲುದಾರಿ. ಗೌರಿಕುಂಡ ಸುಮಾರು 1,980 ಮೀಟರ್ ಎತ್ತರದಲ್ಲಿದೆ, ದೇವಸ್ಥಾನ ಸುಮಾರು 3,580 ಮೀಟರ್. ಅಂದರೆ 1,600 ಮೀಟರ್ ಹತ್ತಬೇಕು. ಮೇಲೆ ಹೋದಾಗ ಗಾಳಿಯಲ್ಲಿ ನಮಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ಮಾತಾಡುತ್ತಾ ನಾಲ್ಕು ಮೆಟ್ಟಿಲು ಹತ್ತಿದರೂ ಮಾತು ತುಂಡಾಗುತ್ತದೆ.

ಹಳೆಯ ಪುಸ್ತಕದಲ್ಲಿ, ಅಜ್ಜಿಯರ ಬಾಯಲ್ಲಿ 14 ಕಿ.ಮೀ. ಅಂತ ಇರುತ್ತದೆ. ಅದು 2013ಕ್ಕೆ ಮುಂಚಿನ ದಾರಿ. ಆ ವರ್ಷ ಜೂನ್ 16, 17ರಂದು ಚೋರಾಬಾರಿ ಕೆರೆ ಒಡೆದು ಮಂದಾಕಿನಿ ನದಿ ನುಗ್ಗಿ ಬಂದಾಗ ಮಧ್ಯದಲ್ಲಿದ್ದ ರಾಮ್‌ಬಾಡಾ ಅನ್ನುವ ಊರೇ ಕೊಚ್ಚಿ ಹೋಯಿತು. ಈಗಿನ ದಾರಿ ಅಲ್ಲಿ ಸೇತುವೆ ದಾಟಿ ಎದುರು ದಡಕ್ಕೆ ಹೋಗಿ ಲಿಂಚೋಲಿ ಕಡೆ ಏರುತ್ತದೆ. ಈ ಎರಡು ಕಿಲೋಮೀಟರಿನ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಕಾಲಿಗೆ ಸಣ್ಣದಲ್ಲ.

ನಡೆದು ಹೋಗುವವರಿಗೆ

ಬೆಳಗ್ಗೆ ನಾಲ್ಕೂವರೆ, ಐದಕ್ಕೆ ಗೌರಿಕುಂಡ ಬಿಟ್ಟರೆ ಅಭ್ಯಾಸ ಇರುವವರು ಏಳು ಗಂಟೆಯಲ್ಲಿ, ನಮ್ಮಂಥ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಒಂಬತ್ತು ಹತ್ತು ಗಂಟೆಯಲ್ಲಿ ತಲುಪಬಹುದು. ಜಂಗಲ್‌ಚಟ್ಟಿ, ಭೀಮ್‌ಬಲಿವರೆಗೂ ಎಲ್ಲರೂ ಹೀರೋಗಳೇ. ನೆರಳಿರುತ್ತದೆ, ನೀರಿನ ಸದ್ದು ಇರುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾ ನಗುತ್ತಾ ಹೋಗುತ್ತಾರೆ. ಸೇತುವೆ ದಾಟಿದ ಮೇಲೆ ಲಿಂಚೋಲಿಯ ಏರು ಶುರುವಾಗುತ್ತದೆ ನೋಡಿ, ಅಲ್ಲಿ ಗುಂಪುಗಳು ಒಡೆಯುತ್ತವೆ. ಗಂಡ ಮುಂದೆ, ಹೆಂಡತಿ ಹಿಂದೆ, ಮಕ್ಕಳು ಎಲ್ಲೋ. ಮರ ಕಮ್ಮಿಯಾಗಿ ಬರೀ ಹುಲ್ಲು, ಬಂಡೆ, ಮೇಲೆ ಇನ್ನೊಂದು ತಿರುವು, ಅದರ ಮೇಲೆ ಮತ್ತೊಂದು. ಎಲ್ಲರ ಬಾಯಲ್ಲೂ "ಇನ್ನೆಷ್ಟು ದೂರ?" ಇಳಿದು ಬರುವವರೆಲ್ಲ "ಬಸ್, ಆ ಗಯಾ" ಅಂತಾರೆ. ನಂಬಬೇಡಿ. ನಾನೂ ಇಳಿಯುವಾಗ ಹಾಗೇ ಹೇಳಿದೆ.

ನಡಿಗೆಯ ದೊಡ್ಡ ಲಾಭ ದೇಹ ನಿಧಾನವಾಗಿ ಎತ್ತರಕ್ಕೆ ಒಗ್ಗುವುದು. ಇದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಮೇಲೆ ಉಳಿಯುವ ಆಸೆ ಇದ್ದರೆ, ಬೆಳಗಿನ ಜಾವ ದೇವಸ್ಥಾನದ ಹಿಂದಿನ ಹಿಮದ ಗೋಡೆ ಮೊದಲು ಬೂದಿ, ಆಮೇಲೆ ಕೆಂಪು, ಆಮೇಲೆ ಬಂಗಾರ ಆಗುವುದನ್ನು ನೋಡಬೇಕು ಅಂತಿದ್ದರೆ, ನಡೆದು ಬಂದವರ ತಲೆ ಸಾಮಾನ್ಯವಾಗಿ ಕಮ್ಮಿ ನೋಯುತ್ತದೆ. ಒಂದೇ ದಿನದಲ್ಲಿ ಹತ್ತಲೇಬೇಕು ಅಂತ ಏನೂ ಇಲ್ಲ. ಲಿಂಚೋಲಿಯಲ್ಲಿ ಟೆಂಟು ಸಿಗುತ್ತದೆ, ಅಲ್ಲೇ ಮಲಗಿ ಮಾರನೇ ದಿನ ಉಳಿದಿದ್ದು ಹತ್ತಬಹುದು. ಐವತ್ತು ದಾಟಿ ನಡೆಯುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ನಷ್ಟವೂ ಇದೆ. ಇಳಿಯುವುದು ಹತ್ತುವುದಕ್ಕಿಂತ ಸುಲಭ ಅಂದುಕೊಂಡು ಎಷ್ಟೋ ಜನ ಮೋಸ ಹೋಗುತ್ತಾರೆ. ಹತ್ತುವಾಗ ಕಷ್ಟ ಎದೆಗೆ, ಇಳಿಯುವಾಗ ಮಂಡಿಗೆ. ಗೌರಿಕುಂಡದಲ್ಲಿ ಬಿದಿರು ಕೋಲು ಮಾರುತ್ತಾರೆ, ನಾಚಿಕೆ ಪಡದೆ ಎರಡು ತಗೊಳ್ಳಿ. ಹೊಸ ಶೂ ಬೇಡವೇ ಬೇಡ. ನಾನು ಮೊದಲ ಸಲ ಹೋದಾಗ ಗೆಳತಿಯೊಬ್ಬಳು ಯಾತ್ರೆಗೆ ಅಂತಲೇ ಹೊಸ ಶೂ ಕೊಂಡಿದ್ದಳು, ವಾಪಸ್ ಬರುವಾಗ ಅದನ್ನು ಲೇಸಿನಿಂದ ಕೊರಳಿಗೆ ನೇತು ಹಾಕಿಕೊಂಡು ಹವಾಯಿ ಚಪ್ಪಲಿಯಲ್ಲಿ ಇಳಿದಳು.

ಇನ್ನೊಂದು ಮಾತು. ದಾರಿಯಲ್ಲಿ ಕುದುರೆ ಬಂದರೆ ಯಾವಾಗಲೂ ಗುಡ್ಡದ ಕಡೆಗೆ ಒರಗಿ ನಿಂತುಕೊಳ್ಳಿ, ಕಣಿವೆಯ ಕಡೆಗೆ ಬೇಡ. ಅದಕ್ಕೆ ನೀವು ಕಾಣುವುದಿಲ್ಲ, ಅದರ ಬೆನ್ನ ಮೇಲಿನ ಗ್ಯಾಸ್ ಸಿಲಿಂಡರಿಗಂತೂ ಮೊದಲೇ ಕಾಣುವುದಿಲ್ಲ.

ಕುದುರೆ ಅಂದರೆ

ಅದು ಕುದುರೆ ಅಲ್ಲ, ಬಹುಪಾಲು ಹೇಸರಗತ್ತೆ. ಅಲ್ಲಿಯವರು ಖಚ್ಚರ್ ಅಂತಾರೆ. ಪ್ರೀಪೇಯ್ಡ್ ಕೌಂಟರಿನಲ್ಲಿ ಚೀಟಿ ಮಾಡಿಸಿಯೇ ಹತ್ತಿ. ಪ್ರತಿ ವರ್ಷ ದರ ಬದಲಾಗುತ್ತದೆ, ಬೋರ್ಡು ಹಾಕಿರುತ್ತಾರೆ, ಹತ್ತಲು ಜಾಸ್ತಿ, ಇಳಿಯಲು ಕಮ್ಮಿ. ಹೊರಗೆ "ಮೇಡಂ, ಕೌಂಟರಿಗಿಂತ ಐನೂರು ಕಮ್ಮಿ" ಅಂತ ಬರುವವರು ಅರ್ಧ ದಾರಿಯಲ್ಲಿ ನಿಲ್ಲಿಸಿ ಚಹಾ ಕಾಸು, ಮೇವಿನ ಕಾಸು ಅಂತ ಕೇಳಿದರೆ ದೂರು ಹೇಳಲು ನಿಮ್ಮ ಕೈಯಲ್ಲಿ ಚೀಟಿ ಇರುವುದಿಲ್ಲ.

ಅಮ್ಮ ಹತ್ತಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀರೆ ಉಡುತ್ತೇನೆ ಅಂತ ಹಟ ಹಿಡಿದವಳಿಗೆ ಹಿಂದಿನ ರಾತ್ರಿ ಗುಪ್ತಕಾಶಿಯ ಅಂಗಡಿಯಲ್ಲಿ ದಪ್ಪ ಪ್ಯಾಂಟು ಕೊಡಿಸಿದ್ದೆ. ಕಲ್ಲಿನ ಕಟ್ಟೆ ಮೇಲೆ ನಿಂತು ಒಂದು ಕಾಲು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕುದುರೆ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. "ಮಾತಾಜಿ, ಭೋಲೇನಾಥ್ ಬೋಲೋ" ಅಂದ. ಅಮ್ಮ ಬೆಟ್ಟ ನೋಡಿ ಕನ್ನಡದಲ್ಲಿ "ಅಯ್ಯೋ ಶಿವನೇ" ಅಂದಳು. ಅವನಿಗೆ ಅಷ್ಟು ಸಾಕಾಯಿತು, ಎತ್ತಿ ಕೂರಿಸಿಯೇಬಿಟ್ಟ. ಜೇಬಿನಿಂದ ಬೆಲ್ಲದ ತುಂಡು ತೆಗೆದು ಪ್ರಾಣಿಯ ಬಾಯಿಗೆ ಇಟ್ಟ. ಹೊರಟಿತು.

ನಾಲ್ಕೈದು ಗಂಟೆ ಸವಾರಿ. ಕೂತು ಹೋಗುವುದಲ್ವಾ, ಆರಾಮ ಅಂತ ಅಂದುಕೊಳ್ಳಬೇಡಿ. ಸೊಂಟ, ತೊಡೆ, ಬೆನ್ನು ಹಣ್ಣಾಗುತ್ತವೆ. ಏರುವಾಗ ಮುಂದಕ್ಕೆ ಬಾಗಬೇಕು, ಇಳಿಯುವಾಗ ಹಿಂದಕ್ಕೆ ಒರಗಬೇಕು. ಸೊಂಟದ ಡಿಸ್ಕ್ ತೊಂದರೆ ಇರುವವರಿಗೆ ಇದು ಬೇಡ, ಅವರಿಗೆ ನಡಿಗೆಯೇ ವಾಸಿ ಅಥವಾ ಡೋಲಿ. ಮಂಡಿ ಮಾತ್ರ ತೊಂದರೆ, ಉಸಿರು ಬೆನ್ನು ಚೆನ್ನಾಗಿದೆ ಅನ್ನುವವರಿಗೆ ಹತ್ತಲು ಕುದುರೆ ಒಳ್ಳೆಯ ಆಯ್ಕೆ. ಅಮ್ಮ ಈ ಲೆಕ್ಕಕ್ಕೆ ಬರುತ್ತಿದ್ದಳು.

ಒಂದು ಗೊತ್ತಿರಲಿ, ಕುದುರೆ ದೇವಸ್ಥಾನದ ಬಾಗಿಲಿಗೆ ಹೋಗುವುದಿಲ್ಲ. ಕೊನೆಯ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನೀವೇ ನಡೆಯಬೇಕು, ಅದೂ ಅಷ್ಟು ಎತ್ತರದಲ್ಲಿ, ಮರಗಟ್ಟಿದ ಕಾಲಲ್ಲಿ. ಇದನ್ನು ಬುಕ್ ಮಾಡುವಾಗ ಯಾರೂ ಹೇಳುವುದಿಲ್ಲ.

ಇಳಿಯುವಾಗ ಮಾತ್ರ ಕುದುರೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒದ್ದೆ ಕಲ್ಲು, ಲದ್ದಿ, ಕೆಸರು, ಅದರ ಮುಂಗಾಲು ಒಂದೊಂದು ಮೆಟ್ಟಿಲಿಗೂ ಧಡ್ ಧಡ್ ಅಂತ ಕೆಳಗೆ ಬೀಳುವಾಗ ಮೇಲೆ ಕೂತವರಿಗೆ ಕಾಣುವುದು ಬರೀ ಕಣಿವೆ. ಅಮ್ಮ ಲಿಂಚೋಲಿ ತನಕ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಅಲ್ಲಿ "ನನ್ನ ಇಳಿಸ್ರೋ" ಅಂತ ಇಳಿದೇಬಿಟ್ಟಳು. ಮಂಡಿಗೆ ಪಟ್ಟಿ ಬಿಗಿದು, ಎರಡು ಕೋಲು ಹಿಡಿದು, ನಿಂತು ನಿಂತು ಕೆಳಗೆ ಬಂದೆವು. ಗೌರಿಕುಂಡ ಸೇರುವಾಗ ದೀಪ ಹಚ್ಚಿದ್ದರು. ಹಿಂದಿನ ದಿನ "ನಡೆದೇ ಬರುತ್ತೇನೆ" ಅಂತ ಹಟ ಮಾಡಿದ್ದವಳ ಆಸೆ ಉಲ್ಟಾ ದಿಕ್ಕಿನಲ್ಲಿ ಈಡೇರಿತು.

ಪ್ರಾಣಿಯ ಬಗ್ಗೆಯೂ ಯೋಚಿಸಿ. 2025ರ ಮೇ ತಿಂಗಳಲ್ಲಿ, ದೇವಸ್ಥಾನದ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ, ಜ್ವರ ಹರಡಿ ಹಲವು ಪ್ರಾಣಿಗಳು ಸತ್ತು ಕುದುರೆ ಸೇವೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು. ಕುದುರೆಯನ್ನೇ ನಂಬಿ ಬಂದವರು ಗೌರಿಕುಂಡದಲ್ಲಿ ದಾರಿ ನೋಡುತ್ತಾ ಕೂತರು. ಹತ್ತುವ ಮುಂಚೆ ಒಂದು ನಿಮಿಷ ಅದರ ಕಾಲು ನೋಡಿ, ಜೀನಿನ ಕೆಳಗೆ ಗಾಯ ಇದೆಯಾ ನೋಡಿ. ಕುಂಟುತ್ತಿದ್ದರೆ ಬೇರೆ ಕೇಳಿ, ಬದಲಾಯಿಸಿ ಕೊಡುತ್ತಾರೆ.

ಡೋಲಿ, ಕಂಡಿ

ಡೋಲಿ ಅಂದರೆ ನಾಲ್ಕು ಜನ ಹೊರುವ ಕುರ್ಚಿ. ಕಂಡಿ ಅಂದರೆ ಒಬ್ಬನೇ ಬೆನ್ನ ಮೇಲೆ ಹೊರುವ ಬುಟ್ಟಿ, ಪುಟ್ಟ ಮಕ್ಕಳಿಗೆ, ತೀರಾ ಹಗುರ ಇರುವ ಅಜ್ಜಿಯರಿಗೆ. ಡೋಲಿಗೆ ನಿಮ್ಮ ತೂಕದ ಮೇಲೆ ದರ, ಎಲ್ಲಕ್ಕಿಂತ ದುಬಾರಿ. ತೂಗಾಡುವುದರಿಂದ ಕೆಲವರಿಗೆ ವಾಂತಿ ಬರುತ್ತದೆ. ನಿಜ ಹೇಳಬೇಕೆಂದರೆ, ಇನ್ನೊಬ್ಬ ಮನುಷ್ಯ ಏದುಸಿರು ಬಿಡುತ್ತಾ ನನ್ನನ್ನು ಹೊರುವುದು ನನಗೆ ನೋಡಲಾಗುವುದಿಲ್ಲ, ಆದರೆ ಅದೇ ಹೊಟ್ಟೆಪಾಡು ಅಂತ ನೇಪಾಳದಿಂದ ಬಂದು ಆರು ತಿಂಗಳು ದುಡಿಯುವವರೂ ಇದ್ದಾರೆ, ಹಾಗಾಗಿ ಬೇರೆಯವರಿಗೆ ಬೇಡ ಅನ್ನಲಾರೆ. ಕುದುರೆ ಮೇಲೆ ಕೂರಲು ಆಗದ, ಹೆಲಿಕಾಪ್ಟರ್ ಟಿಕೆಟ್ ಸಿಗದ ಹಿರಿಯರಿಗೆ ಉಳಿಯುವುದು ಇದೊಂದೇ.

ಹೆಲಿಕಾಪ್ಟರ್

ಮೂರು ಕಡೆಯಿಂದ ಹಾರುತ್ತದೆ. ಗುಪ್ತಕಾಶಿ, ಫಾಟಾ, ಸಿರ್ಸಿ. (ಸಿರ್ಸಿ ಅಂದ ಕೂಡಲೇ ಅತ್ತೆ "ಶಿರಸಿಯಿಂದ ಇದೆಯಾ? ಅಷ್ಟು ಹತ್ತಿರವಾ!" ಅಂದರು. ನಮ್ಮ ಮಾರಿಕಾಂಬೆಯ ಶಿರಸಿ ಅಲ್ಲ ಅತ್ತೆ, ಇದು ಬೇರೆ.) 2025ರ ಮೇ, ಜೂನ್‌ನಲ್ಲಿ ಹೋಗಿಬರಲು ಫಾಟಾ, ಸಿರ್ಸಿಯಿಂದ ತಲೆಗೆ ಆರು ಸಾವಿರ ಚಿಲ್ಲರೆ, ಗುಪ್ತಕಾಶಿಯಿಂದ ಎಂಟೂವರೆ ಸಾವಿರದ ಆಸುಪಾಸು ಇತ್ತು. ಎರಡೂ ಕಡೆ ಕುದುರೆಗೆ ಕೊಡುವ ದುಡ್ಡಿಗೂ ಫಾಟಾ, ಸಿರ್ಸಿಯ ಟಿಕೆಟ್ಟಿಗೂ ಆಗ ಭಾರಿ ವ್ಯತ್ಯಾಸ ಏನಿರಲಿಲ್ಲ. ಎಲ್ಲರೂ ಹೆಲಿಕಾಪ್ಟರ್ ಶ್ರೀಮಂತರಿಗೆ ಅಂದುಕೊಂಡಿರುತ್ತಾರೆ. ಅದರಲ್ಲಿ ನಿಜವಾಗಿ ಸಿಗದೇ ಇರುವುದು ಟಿಕೆಟ್ಟು, ದುಡ್ಡಿನ ಮಾತು ಆಮೇಲೆ.

ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲಿ ಮಾತ್ರ. ಅದಕ್ಕೂ ಮೊದಲು ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಮಾಡಿಸಿ ಆ ನಂಬರ್ ಇಟ್ಟುಕೊಂಡಿರಬೇಕು. ನೋಂದಣಿ ನಡೆದು ಹೋಗುವವರಿಗೂ ಕಡ್ಡಾಯ, ಸೋನ್‌ಪ್ರಯಾಗದಲ್ಲಿ ನೋಡಿಯೇ ಬಿಡುವುದು. ಟಿಕೆಟ್ ಕಂತುಕಂತಾಗಿ ಬಿಡುತ್ತಾರೆ, ಬಿಟ್ಟ ಸ್ವಲ್ಪ ಹೊತ್ತಿಗೇ ಖಾಲಿ. ನಮ್ಮ ಯಜಮಾನರು ತತ್ಕಾಲ್ ಬುಕ್ ಮಾಡಿ ಪಳಗಿದ ಕೈ, ಅವರಿಗೇ ಎರಡನೇ ಪ್ರಯತ್ನಕ್ಕೆ ಸಿಕ್ಕಿತು. "ಹೆಲಿಕಾಪ್ಟರ್ ಕನ್ಫರ್ಮ್, ಅಡ್ವಾನ್ಸ್ ಗೂಗಲ್‌ಪೇ ಮಾಡಿ" ಅಂತ ವಾಟ್ಸಾಪ್‌ನಲ್ಲಿ ಬರುವ ಮೆಸೇಜು ಎಷ್ಟೇ ಚೆಂದದ ಲೋಗೋ ಹಾಕಿಕೊಂಡಿದ್ದರೂ ದುಡ್ಡು ಕಳಿಸಬೇಡಿ. ನಮ್ಮ ಪರಿಚಯದ ಒಂದು ಮನೆಯವರು ಐದು ಟಿಕೆಟ್ಟಿನ ದುಡ್ಡು ಹೀಗೆ ಕಳೆದುಕೊಂಡರು. ಹೆಲಿಪ್ಯಾಡಿನಲ್ಲಿ ಆ ಪಿಡಿಎಫ್ ತೋರಿಸಿದಾಗಲೇ ಗೊತ್ತಾಗಿದ್ದು.

ಹೆಲಿಪ್ಯಾಡಿನಲ್ಲಿ ತೂಕದ ಯಂತ್ರ ಇಟ್ಟಿರುತ್ತಾರೆ, ಎಲ್ಲರೆದುರೇ ಹತ್ತಿಸುತ್ತಾರೆ. ಎತ್ತರದಲ್ಲಿ ಗಾಳಿ ತೆಳುವಾದಷ್ಟೂ ಹೆಲಿಕಾಪ್ಟರಿಗೆ ಎತ್ತುವ ಶಕ್ತಿ ಕಮ್ಮಿ, ಅದಕ್ಕೇ ಇಷ್ಟು ಲೆಕ್ಕ. 80 ಕಿಲೋ ದಾಟಿದರೆ ಹೆಚ್ಚಿನ ದುಡ್ಡು, ಕೈಚೀಲ ಎರಡು ಕಿಲೋ ಅಷ್ಟೇ. ಅತ್ತೆ ಶಾಲು, ಸ್ವೆಟರ್, ಪೂಜೆ ಸಾಮಾನಿನ ಚೀಲ ಎಲ್ಲ ಯಜಮಾನರ ಕೈಗೆ ದಾಟಿಸಿ, ಉಸಿರು ಬಿಗಿಹಿಡಿದು ನಿಂತರಂತೆ. ಉಸಿರು ಹಿಡಿದರೆ ತೂಕ ಕಮ್ಮಿ ಬರುತ್ತೆ ಅಂತ ಯಾರು ಹೇಳಿಕೊಟ್ಟರೋ!

ಹಾರುವುದು ಹತ್ತು ನಿಮಿಷವೂ ಇಲ್ಲ. ಇಳಿದ ಮೇಲೆ ದೇವಸ್ಥಾನಕ್ಕೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡೆಯಬೇಕು. ಸಮಸ್ಯೆ ಇರುವುದೇ ಇಲ್ಲಿ. ಒಂದೂವರೆ, ಎರಡು ಸಾವಿರ ಮೀಟರಿನಲ್ಲಿ ತಿಂಡಿ ತಿಂದ ದೇಹ ಹತ್ತು ನಿಮಿಷದಲ್ಲಿ ಮೂರೂವರೆ ಸಾವಿರ ಮೀಟರಿಗೆ ಬಂದು ನಿಂತಿರುತ್ತದೆ. ಒಂದೆರಡು ಗಂಟೆ ಇದ್ದು ಇಳಿದುಬಿಟ್ಟರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹಾರಿ ಹೋಗಿ ರಾತ್ರಿ ಅಲ್ಲೇ ಉಳಿಯುತ್ತೇನೆ ಅಂದರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಗ್ಯಾರಂಟಿ ಅಂತಲ್ಲ, ಆದರೆ ಬರುವುದು ಜಾಸ್ತಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೆಲಿಕಾಪ್ಟರ್ ಇದ್ದರೂ ಮೊದಲು ಡಾಕ್ಟರನ್ನು ಕೇಳಬೇಕು. ಹೆಲಿಕಾಪ್ಟರ್ ಉಳಿಸುವುದು ಮಂಡಿಯನ್ನು, ಉಸಿರನ್ನಲ್ಲ.

ಭಯದ ವಿಷಯವನ್ನೂ ಮುಚ್ಚಿಡಬಾರದು ಅಲ್ವಾ. 2022ರ ಅಕ್ಟೋಬರ್ 18ರಂದು ಗರುಡಚಟ್ಟಿ ಬಳಿ ಒಂದು ಹೆಲಿಕಾಪ್ಟರ್ ಬಿದ್ದು ಏಳು ಜನ ಸತ್ತರು. 2025ರ ಜೂನ್ 15ರಂದು ಗೌರಿಕುಂಡದ ಹತ್ತಿರ ಇನ್ನೊಂದು, ಆಗಲೂ ಏಳು ಜನ. ಕಿರಿದಾದ ಕಣಿವೆ, ನಿಮಿಷದಲ್ಲಿ ತುಂಬುವ ಮೋಡ, ಇವೇ ಅಲ್ಲಿಯ ಅಪಾಯ. ಹಾಗಾಗಿ "ಇವತ್ತು ಹಾರಲ್ಲ" ಅಂತ ಪೈಲಟ್ ಹೇಳಿದರೆ ಜಗಳ ಮಾಡಬೇಡಿ. ನಮ್ಮ ಅತ್ತೆಯವರಿಗೂ ಮೊದಲ ದಿನ ರದ್ದಾಯಿತು. ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಹೆಲಿಪ್ಯಾಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೋಡ ಸರಿಯುತ್ತೆ ಸರಿಯುತ್ತೆ ಅಂತ ನೋಡಿ ರೂಮಿಗೆ ವಾಪಸ್. ಮಾರನೇ ದಿನದ ಸರದಿಯಲ್ಲಿ ಕಳಿಸಿದರು. ನಾವು ಒಂದು ದಿನ ಖಾಲಿ ಇಟ್ಟುಕೊಂಡಿದ್ದಕ್ಕೆ ದರ್ಶನ ಆಯಿತು. ಅದೇ ಸಾಲಿನಲ್ಲಿದ್ದ ಒಂದು ಕುಟುಂಬಕ್ಕೆ ಮಾರನೇ ಸಂಜೆಯೇ ಡೆಹ್ರಾಡೂನಿನಿಂದ ವಿಮಾನ. ದುಡ್ಡು ವಾಪಸ್ ಬರುತ್ತೆ ಅಂತ ಕೌಂಟರಿನವರು ಸಮಾಧಾನ ಹೇಳುತ್ತಿದ್ದರು, ಆ ಮನೆಯ ಅಜ್ಜಿ ಮಾತ್ರ ಬೆಟ್ಟದ ಕಡೆಗೇ ಕೈಮುಗಿದುಕೊಂಡು ಕೂತಿದ್ದರು.

ಹಾಗಾದರೆ ಯಾರಿಗೆ ಯಾವುದು

ಮಂಡಿ, ಬೆನ್ನು, ಉಸಿರು ಮೂರೂ ಸರಿ ಇದ್ದರೆ ನಡೆಯಿರಿ. ಹೊರಡುವ ಎರಡು ತಿಂಗಳ ಮುಂಚಿನಿಂದ ದಿನಾ ಐದಾರು ಕಿಲೋಮೀಟರ್ ನಡೆದು, ವಾರಕ್ಕೊಮ್ಮೆ ಎಲ್ಲಾದರೂ ಮೆಟ್ಟಿಲು ಹತ್ತಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದ್ದೇ ಇದೆ. ಅದನ್ನು ಒಂದೇ ದಿನ ಎರಡು ಸಲ ಹತ್ತಿ ಇಳಿದು ಮಾರನೇ ದಿನ ಎಂದಿನ ಹಾಗೆ ಆಫೀಸಿಗೆ ಹೋಗಲು ಆಯಿತು ಅಂದರೆ ಧೈರ್ಯವಾಗಿ ಹೊರಡಿ. ಮಂಡಿ ಮಾತ್ರ ಕೈಕೊಟ್ಟಿದ್ದರೆ ಹತ್ತಲು ಕುದುರೆ, ಇಳಿಯಲು ನಿಧಾನದ ನಡಿಗೆ ಅಥವಾ ಡೋಲಿ. ಎಪ್ಪತ್ತರ ಹತ್ತಿರದವರು, ನಡಿಗೆಯ ಅಭ್ಯಾಸ ಇಲ್ಲದವರು ಹೆಲಿಕಾಪ್ಟರಿನಲ್ಲಿ ಹೋಗಿ ಅದೇ ದಿನ ಇಳಿಯಲಿ. ಎಲ್ಲರೂ ಒಟ್ಟಿಗೇ ಹೋಗಬೇಕು ಅನ್ನುವ ಹಟ ಬಿಡಿ. ಬೇರೆ ಬೇರೆಯಾಗಿ ಹೋಗಿ, ಎಲ್ಲರೂ ಇಳಿದ ಮೇಲೆ ಗುಪ್ತಕಾಶಿಯಲ್ಲಿ ಒಟ್ಟಿಗೆ ಕೂತು ಊಟ ಮಾಡಿದರಾಯಿತು. ಆದರೆ ಅರವತ್ತು ದಾಟಿದವರನ್ನು ಒಬ್ಬರೇ ಕುದುರೆ ಮೇಲೆ ಕಳಿಸಬೇಡಿ. ಕುದುರೆ ಮುಂದೆ ಹೋಗಿಬಿಡುತ್ತದೆ, ನೀವು ಹಿಂದೆ ಉಳಿಯುತ್ತೀರಿ, ಫೋನ್ ಸಿಗ್ನಲ್ ಬರುತ್ತೆ ಹೋಗುತ್ತೆ. ನಾನು ಅಮ್ಮನಿಗೆ ಎಲ್ಲಿ ಇಳಿದು ಯಾವ ಅಂಗಡಿ ಮುಂದೆ ಕೂರಬೇಕು ಅಂತ ಹೇಳಿದ್ದರೂ ಮೇಲೆ ಹೋದ ಮೇಲೆ ಮೂರು ಗಂಟೆ ಅವಳೊಬ್ಬಳೇ ಚಳಿಯಲ್ಲಿ ಕಾದಳು. ಈಗ ಯೋಚಿಸಿದರೆ ನಾನೂ ಕುದುರೆ ಹತ್ತಬೇಕಿತ್ತು. ನಡೆದೇ ಹೋಗಬೇಕು ಅನ್ನುವ ಹಟ ಅಮ್ಮನಿಗಿಂತ ನನಗೇ ಜಾಸ್ತಿ ಇತ್ತೇನೋ.

ರೋಪ್‌ವೇ ಬರಲಿ, ಆಗ ಹೋದರಾಯಿತು ಅನ್ನುವವರಿಗೆ ಒಂದು ಮಾತು. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿ.ಮೀ. ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, 36 ನಿಮಿಷದ ದಾರಿ ಅಂತಾರೆ. ಕಟ್ಟಿ ಮುಗಿಯಲು ವರ್ಷಗಳು ಬೇಕು. ಅಪ್ಪ ಅಮ್ಮನ ವಯಸ್ಸು ಅಲ್ಲಿಯವರೆಗೆ ಕಾಯುತ್ತಾ ಕೂರುವುದಿಲ್ಲ.

ಯಾವಾಗ ಹೋಗಬೇಕು ಅನ್ನುವುದೂ ಆಯ್ಕೆಯ ಭಾಗವೇ. ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖಿಮಠದಲ್ಲಿ ನಿಗದಿ ಮಾಡುತ್ತಾರೆ, ದೀಪಾವಳಿ ಕಳೆದ ಕೂಡಲೇ ಭಾಯಿದೂಜ್ ದಿನ ಮುಚ್ಚುತ್ತಾರೆ. 2025ರಲ್ಲಿ ಮೇ 2ರಿಂದ ಅಕ್ಟೋಬರ್ 23ರವರೆಗೆ ಇತ್ತು. ಮೇ, ಜೂನ್‌ನಲ್ಲಿ ಮಕ್ಕಳ ರಜೆ ಅಂತ ಎಲ್ಲರೂ ಹೋಗುತ್ತಾರೆ, ಸರದಿ ಸಾಲಿನಲ್ಲೇ ನಾಲ್ಕೈದು ಗಂಟೆ ಹೋಗಬಹುದು. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಆಗಸ್ಟ್‌ನಲ್ಲಿ ಗೌರಿಕುಂಡದಲ್ಲೇ ಗುಡ್ಡ ಕುಸಿದು ಅಂಗಡಿಗಳು ನದಿ ಪಾಲಾದವು, 2024ರ ಜುಲೈ 31ರ ರಾತ್ರಿ ಮೇಘಸ್ಫೋಟವಾಗಿ ದಾರಿಯೇ ಹಲವು ಕಡೆ ಕಿತ್ತುಹೋಗಿ ಸಾವಿರಾರು ಜನರನ್ನು ಹೊರಗೆ ತರಬೇಕಾಯಿತು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನನ್ನ ಓಟು. ಚಳಿ ಜಾಸ್ತಿ, ಆದರೆ ಆಕಾಶ ತೊಳೆದಿಟ್ಟ ಹಾಗೆ.

ಮೇಲೆ ತಲುಪಿದ ಮೇಲಿನ ಮಾತೂ ಒಂದಿಷ್ಟು. ಬೆಳಗ್ಗೆ ಹೋದರೆ ಸಾಮಾನ್ಯವಾಗಿ ಗರ್ಭಗುಡಿಯೊಳಗೆ ಬಿಡುತ್ತಾರೆ, ಲಿಂಗ ಅಂತ ಪೂಜಿಸುವ ತ್ರಿಕೋನದ ಆ ಬಂಡೆಗೆ ಕೈಯಾರೆ ತುಪ್ಪ ಸವರಬಹುದು. ಮಧ್ಯಾಹ್ನ ಮೂರರಿಂದ ಐದು ಬಾಗಿಲು ಹಾಕಿರುತ್ತಾರೆ. ಸಂಜೆ ಅಲಂಕಾರದ ದರ್ಶನ, ಅದು ದೂರದಿಂದ. ಹೆಲಿಕಾಪ್ಟರಿನವರಿಗೆ ಹೆಚ್ಚಾಗಿ ಹಗಲಿನದು ಮಾತ್ರ ಸಿಗುತ್ತದೆ, ರಾತ್ರಿ ಉಳಿದವರಿಗೆ ಎರಡೂ. ಹಿಂದಕ್ಕೆ ಹೋಗಿ ಭೀಮಶಿಲೆ ನೋಡಿ. 2013ರಲ್ಲಿ ಉರುಳಿ ಬಂದು ದೇವಸ್ಥಾನದ ಬೆನ್ನಿಗೆ ನಿಂತು, ನೀರನ್ನು ಎರಡು ಕಡೆಗೆ ಸೀಳಿದ ಬಂಡೆ ಅದು. ಅದರ ಪಕ್ಕ ನಿಂತಾಗ ಅಮ್ಮ ಒಂದು ಮಾತೂ ಆಡಲಿಲ್ಲ, ಬರೀ ಅಂಗೈ ಇಟ್ಟು ನಿಂತಿದ್ದಳು.

ಇಳಿದು ಬಂದ ಮೇಲೆ ಊಖಿಮಠಕ್ಕೆ ಹೋಗದೆ ಬರಬೇಡಿ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿ ಇರುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ವೀರಶೈವರ ಪಂಚಪೀಠಗಳಲ್ಲಿ ಕೇದಾರ ಪೀಠ ಇರುವುದು ಇಲ್ಲೇ. ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ (ಕರ್ನಾಟಕದ್ದೇ), ಶ್ರೀಶೈಲ, ಕಾಶಿ, ಅವುಗಳ ಜೊತೆಗೆ ಇದು. ಕೇದಾರದ ಮುಖ್ಯ ಅರ್ಚಕರಾದ ರಾವಲ್ ಪರಂಪರೆಯಿಂದ ವೀರಶೈವರೇ, ಅದರಲ್ಲೂ ಹೆಚ್ಚಾಗಿ ಕರ್ನಾಟಕದ ಕಡೆಯವರು. ಅವರು ತಾವೇ ಪೂಜೆ ಮಾಡುವುದಿಲ್ಲ, ಅವರ ಅಪ್ಪಣೆಯಲ್ಲಿ ಪೂಜಾರಿಗಳು ಮಾಡುತ್ತಾರೆ. ಅಷ್ಟು ದಿನ ಮುರುಕು ಹಿಂದಿಯಲ್ಲಿ ಬದುಕಿದ ಮೇಲೆ ಅಂಗಳದಲ್ಲಿ ವಿಭೂತಿ ಹಚ್ಚಿದ ಒಬ್ಬರು "ಎಲ್ಲಿಂದ ಬಂದ್ರಿ? ಊಟ ಆಯ್ತೇನ್ರಿ?" ಅಂದಾಗ ಅಮ್ಮ, ಅತ್ತೆ ಇಬ್ಬರೂ ಅಲ್ಲೇ ಕಟ್ಟೆ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಟ್ಯಾಕ್ಸಿಯವನು ಹಾರ್ನ್ ಹೊಡೆದು ಹೊಡೆದು ಸುಮ್ಮನಾದ.

ಇಷ್ಟೆಲ್ಲ ಓದಿ "ನಮ್ಮ ಮನೆಯವರಿಗೆ ಯಾವುದೂ ಆಗುವ ಹಾಗಿಲ್ಲ" ಅನಿಸಿದರೆ, ಊಖಿಮಠದಿಂದ ಸುಮಾರು 30 ಕಿ.ಮೀ. ದೂರದ ಚೋಪ್ತಾಕ್ಕೆ ಹೋಗಿ. ಅಲ್ಲಿಂದ ತುಂಗನಾಥಕ್ಕೆ ಮೂರೂವರೆ, ನಾಲ್ಕು ಕಿಲೋಮೀಟರ್, ಕಲ್ಲು ಹಾಸಿದ ದಾರಿ. ಪಂಚ ಕೇದಾರಗಳಲ್ಲಿ ಅದೂ ಒಂದು. ಪಾಂಡವರಿಂದ ತಪ್ಪಿಸಿಕೊಂಡು ನಂದಿಯಾದ ಶಿವನ ಡುಬ್ಬ ಕೇದಾರದಲ್ಲಿ, ತೋಳು ತುಂಗನಾಥದಲ್ಲಿ ಅಂತ ಕಥೆ. ಎತ್ತರ ಸುಮಾರು 3,680 ಮೀಟರ್, ಅಂದರೆ ಕೇದಾರಕ್ಕಿಂತ ಜಾಸ್ತಿ, ಹಾಗಾಗಿ ಉಸಿರಿನ ತೊಂದರೆ ಇರುವವರಿಗೆ ಇದೂ ಸುಲಭ ಅಲ್ಲ. ಆದರೆ ಹತ್ತಬೇಕಾದ ದೂರ ಕಾಲು ಭಾಗ, ನೂಕುನುಗ್ಗಲು ಬಹಳ ಕಮ್ಮಿ, ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ಕೆಳಗೆ ಬರಬಹುದು. ಕುದುರೆಯೂ ಸಿಗುತ್ತದೆ. ಎಂಟು ದಿನದಲ್ಲಿ ನಾಲ್ಕು ಧಾಮ ಮುಗಿಸುವ ಪ್ಯಾಕೇಜಿನಲ್ಲಿ ಓಡಾಡಿ ಸುಸ್ತಾಗುವ ಬದಲು ಕೇದಾರ, ಊಖಿಮಠ, ತುಂಗನಾಥ ಮೂರೇ ಇಟ್ಟುಕೊಂಡರೆ ಒಂದು ಖಾಲಿ ದಿನವೂ ಉಳಿಯುತ್ತದೆ. ಅಮ್ಮ ಮುಂದಿನ ಅಕ್ಟೋಬರಿಗೆ ತುಂಗನಾಥಕ್ಕೆ ಅಂತ ಈಗಿನಿಂದಲೇ ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದಾಳೆ. ಕುದುರೆ ಬೇಡವಂತೆ. ಚೋಪ್ತಾದಲ್ಲಿ ಸರಿಯಾಗಿ ಕರೆಂಟ್ ಇರುವುದಿಲ್ಲ, ಪವರ್‌ಬ್ಯಾಂಕು ಟಾರ್ಚು ಮನೆಯಿಂದಲೇ ಒಯ್ಯಿರಿ.